ಅಮೆರಿಕದಲ್ಲಿ ಹೊಲವನ್ನು ಹೊಲವಾಗಿಯೇ ಉಳಿಸುವುದು ಹೇಗೆ? ಸಂರಕ್ಷಣಾ ಕರಾರಿನ ಪೂರ್ಣ ದಾರಿ

ಅಮೆರಿಕದ ಅನೇಕ ಹೊಲಗಳ ಹಣೆಬರಹ ನಿರ್ಧಾರವಾಗುವುದು ಹಿರಿಯರು ತೀರಿಕೊಂಡ ಮೇಲೆ, ಮಕ್ಕಳು ವಕೀಲರ ಮೇಜಿನ ಸುತ್ತ ಕುಳಿತಾಗ. ಒಬ್ಬರಿಗೆ ಉಳುವ ಮನಸ್ಸು, ಇನ್ನಿಬ್ಬರಿಗೆ ತಮ್ಮ ಪಾಲಿನ ಹಣ ಬೇಕು. ಬಡಾವಣೆ ಕಟ್ಟುವವನು ಉಳುವವನಿಗಿಂತ ಎಷ್ಟೋ ಹೆಚ್ಚು ಕೊಡಲು ಸಿದ್ಧನಿರುತ್ತಾನೆ. ಮುಂದೇನಾಗುತ್ತದೆ ಎಂಬುದನ್ನು ದೇವನಹಳ್ಳಿ, ಆನೇಕಲ್ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2022ರ ಕೃಷಿ ಗಣತಿಯ ಪ್ರಕಾರ ಅಲ್ಲಿನ ಕೃಷಿಕರ ಸರಾಸರಿ ವಯಸ್ಸು 58.1 ವರ್ಷ. ಹಾಗಾಗಿ ಈ ಮೇಜಿನ ಮಾತುಕತೆ ಇನ್ನೂ ಲಕ್ಷಾಂತರ ಮನೆಗಳಲ್ಲಿ ನಡೆಯಲಿದೆ. 2001ರಿಂದ 2016ರ ನಡುವೆ ಸುಮಾರು 1 ಕೋಟಿ 10 ಲಕ್ಷ ಎಕರೆ ಕೃಷಿಭೂಮಿ ಬಡಾವಣೆ, ರಸ್ತೆ ಮತ್ತು ಚದುರಿದ ಮನೆಗಳ ಪಾಲಾಯಿತು ಅಥವಾ ಅವುಗಳ ನಡುವೆ ಸಿಕ್ಕಿ ಛಿದ್ರವಾಯಿತು ಎಂದು ಅಮೆರಿಕನ್ ಫಾರ್ಮ್‌ಲ್ಯಾಂಡ್ ಟ್ರಸ್ಟ್ ಎಂಬ ಸಂಸ್ಥೆ ಲೆಕ್ಕ ಹಾಕಿದೆ.

ಇದಕ್ಕೆ ಅಲ್ಲಿನವರು ಕಂಡುಕೊಂಡ ಉಪಾಯಗಳಲ್ಲಿ ಮುಖ್ಯವಾದದ್ದು ಕನ್ಸರ್ವೇಶನ್ ಈಸ್‌ಮೆಂಟ್. ಈ ಲೇಖನದಲ್ಲಿ ಅದನ್ನು ಸಂರಕ್ಷಣಾ ಕರಾರು ಎಂದು ಕರೆಯುತ್ತೇನೆ. ಇದರಲ್ಲಿ ಸರ್ಕಾರದ ಬಲವಂತವಿಲ್ಲ, ಸ್ವಾಧೀನವಿಲ್ಲ. ಭೂಮಿಯ ಒಡೆತನವನ್ನು ಅಲ್ಲಿನ ವಕೀಲರು ಕಡ್ಡಿಗಳ ಕಟ್ಟಿಗೆ ಹೋಲಿಸುತ್ತಾರೆ: ಉಳುವ ಹಕ್ಕು ಒಂದು ಕಡ್ಡಿ, ಮಾರುವ ಹಕ್ಕು ಇನ್ನೊಂದು, ನಿವೇಶನ ಮಾಡಿ ಮನೆ ಕಟ್ಟುವ ಹಕ್ಕು ಮತ್ತೊಂದು. ಮಾಲೀಕರು ತಾವಾಗಿಯೇ ಆ ಕೊನೆಯ ಕಡ್ಡಿಯನ್ನು ಕಟ್ಟಿನಿಂದ ತೆಗೆದು ಒಂದು ಲ್ಯಾಂಡ್ ಟ್ರಸ್ಟಿಗೋ (ಭೂಮಿ ಕಾಯುವ ಲಾಭರಹಿತ ಸಂಸ್ಥೆ) ಸರ್ಕಾರಿ ಸಂಸ್ಥೆಗೋ ಒಪ್ಪಿಸುತ್ತಾರೆ. ಅದನ್ನು ಪಡೆದವರು ಮನೆ ಕಟ್ಟುವಂತಿಲ್ಲ, ಬೇರೆ ಯಾರೂ ಕಟ್ಟದಂತೆ ಕಾಯಬೇಕು, ಅಷ್ಟೆ. ಜಮೀನು ಮಾಲೀಕರ ಹೆಸರಿನಲ್ಲಿಯೇ ಇರುತ್ತದೆ. ಮಾರಬಹುದು, ಗುತ್ತಿಗೆಗೆ ಕೊಡಬಹುದು, ಮಕ್ಕಳಿಗೆ ಬರೆದುಕೊಡಬಹುದು. ಆದರೆ ಕರಾರು ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ದಾಖಲೆಯಲ್ಲಿ ನೋಂದಣಿಯಾಗಿ, ಕೊಂಡವರನ್ನೂ ಅವರಿಂದ ಕೊಂಡವರನ್ನೂ ಶಾಶ್ವತವಾಗಿ ಕಟ್ಟಿಹಾಕುತ್ತದೆ. ಎಲ್ಲಿ ಏನು ಕಟ್ಟಬಹುದು ಎಂಬ ವಲಯ ನಿಯಮಗಳನ್ನು ಮುಂದಿನ ಚುನಾವಣೆಯಲ್ಲಿ ಗೆದ್ದವರು ಬದಲಾಯಿಸಬಹುದು, ಇದನ್ನು ಹಾಗೆ ಬದಲಾಯಿಸಲಾಗುವುದಿಲ್ಲ.

ಅಲ್ಲಿ ನೆಲೆಸಿ ತೋಟವನ್ನೋ ದನ ಮೇಯಿಸುವ ರ‍್ಯಾಂಚನ್ನೋ ಕೊಂಡಿರುವ, ಕೊಳ್ಳಲು ಹೊರಟಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಹೆಚ್ಚಿನ ಮಾರ್ಗದರ್ಶಿಗಳು ಈ ಹಕ್ಕನ್ನು ದಾನ ಮಾಡಿದವರಿಗೆ ಸಿಗುವ ತೆರಿಗೆ ಲಾಭದಿಂದ ಆರಂಭವಾಗುತ್ತವೆ. ನನ್ನ ಪ್ರಕಾರ ಅದು ತಲೆಕೆಳಗಾದ ಕ್ರಮ. ತೆರಿಗೆ ಲಾಭ ಹದಿನೈದು ಹದಿನಾರು ವರ್ಷಗಳಲ್ಲಿ ಮುಗಿದುಹೋಗುತ್ತದೆ, ಕರಾರು ಮುಗಿಯುವುದಿಲ್ಲ.

ಹೆಜ್ಜೆ 1: ಮೊದಲು ಮನೆಯವರೊಡನೆ ಮಾತು

ವಕೀಲರನ್ನಾಗಲಿ ಟ್ರಸ್ಟನ್ನಾಗಲಿ ಹುಡುಕುವ ಮೊದಲು ಮನೆಯವರನ್ನೆಲ್ಲ ಕೂರಿಸಿ ಮೂರು ಪ್ರಶ್ನೆ ಕೇಳಿ. ನಮ್ಮ ನಂತರ ಈ ಭೂಮಿಯಲ್ಲಿ ದುಡಿಯುವವರು ಯಾರು? ದುಡಿಯದವರಿಗೆ ಏನು ಸಿಗಬೇಕು? ಯಾರಿಗಾದರೂ ಇಲ್ಲಿಯೇ ಮನೆ ಕಟ್ಟಿಕೊಳ್ಳುವ ಆಸೆ ಇದೆಯೇ? ಉತ್ತರಗಳನ್ನು ಬರೆದಿಡಿ. ಮುಂದೆ ಕರಾರಿನ ಪ್ರತಿಯೊಂದು ಷರತ್ತೂ ಈ ಮೂರು ಉತ್ತರಗಳಿಗೆ ಬಂದು ನಿಲ್ಲುತ್ತದೆ.

ಸಂರಕ್ಷಣಾ ಕರಾರು ಪಾಲು ಹಂಚುವ ಸಾಧನವೂ ಆಗಬಲ್ಲದು ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಒಂದು ಲೆಕ್ಕ ನೋಡಿ. 200 ಎಕರೆಯ ಮಾರುಕಟ್ಟೆ ಬೆಲೆ 20 ಲಕ್ಷ ಡಾಲರ್ ಎಂದಿಟ್ಟುಕೊಳ್ಳಿ. ಮನೆ ಕಟ್ಟುವ ಹಕ್ಕು ಹೋದ ಮೇಲೆ ಬರಿ ಕೃಷಿಭೂಮಿಯಾಗಿ ಅದರ ಬೆಲೆ 12 ಲಕ್ಷ. ನಡುವಿನ 8 ಲಕ್ಷವೇ ಕರಾರಿನ ಬೆಲೆ. ಸರ್ಕಾರಿ ಯೋಜನೆಯೊಂದು ಆ 8 ಲಕ್ಷದಲ್ಲಿ 6 ಲಕ್ಷ ಕೊಟ್ಟರೆ, ಅದನ್ನು ಹೊಲ ಬೇಡವೆನ್ನುವ ಇಬ್ಬರು ಮಕ್ಕಳಿಗೆ ಹಂಚಬಹುದು. ಉಳುವ ಮಗಳಿಗೆ ಹೊಲ ಉಳಿಯುತ್ತದೆ. ಉಳಿದ ಪಾಲನ್ನು ಅವಳು ಕೊಂಡುಕೊಳ್ಳಬೇಕಾಗಿ ಬಂದರೂ ಲೆಕ್ಕ ನಡೆಯುವುದು ಕೃಷಿಭೂಮಿಯ ಬೆಲೆಯಲ್ಲಿ, ಬಡಾವಣೆಯ ಬೆಲೆಯಲ್ಲಲ್ಲ.

ಮನೆಯಲ್ಲಿ ಒಬ್ಬರಿಗಾದರೂ ಬಲವಾದ ವಿರೋಧವಿದ್ದರೆ ಇಲ್ಲಿಯೇ ನಿಲ್ಲಿಸಿ. ಜಂಟಿ ಮಾಲೀಕರೆಲ್ಲರೂ ಸಹಿ ಹಾಕದೆ ಕರಾರು ಇಡೀ ಜಮೀನಿಗೆ ಅನ್ವಯಿಸುವುದಿಲ್ಲ. ಜಂಟಿ ಮಾಲೀಕರಾದ ಅಣ್ಣನೋ ಅಕ್ಕನೋ ಮೈಸೂರಿನಲ್ಲಿದ್ದರೆ ಅವರ ಅಧಿಕಾರಪತ್ರವನ್ನು ಅಮೆರಿಕದಲ್ಲಿ ಒಪ್ಪುವಂತೆ ದೃಢೀಕರಿಸಿ ತರಿಸುವುದಕ್ಕೇ ಸಮಯ ಹಿಡಿಯುತ್ತದೆ. ಅದನ್ನು ಕೊನೆಯ ವಾರಕ್ಕೆ ಬಿಡಬೇಡಿ.

ಶಾಶ್ವತ ಎಂಬ ಮಾತಿಗೆ ಮನಸ್ಸು ಅಳುಕಿದರೆ ಕಡಿಮೆ ಅವಧಿಯ ದಾರಿಯೂ ಇದೆ. ಕ್ಯಾಲಿಫೋರ್ನಿಯಾದಲ್ಲಿ 1965ರ ವಿಲಿಯಮ್ಸನ್ ಕಾಯ್ದೆಯಡಿ ಮಾಲೀಕರು ಕೌಂಟಿಯೊಂದಿಗೆ 10 ವರ್ಷದ ಒಪ್ಪಂದ ಮಾಡಿಕೊಳ್ಳಬಹುದು. ಅದು ಪ್ರತಿ ವರ್ಷ ತಾನಾಗಿ ಒಂದೊಂದು ವರ್ಷ ಮುಂದಕ್ಕೆ ಹೋಗುತ್ತದೆ. ಅದಕ್ಕೆ ಪ್ರತಿಯಾಗಿ ಆಸ್ತಿ ತೆರಿಗೆಯನ್ನು ಕೃಷಿ ಬಳಕೆಯ ಆಧಾರದ ಮೇಲೆ ಹಾಕುತ್ತಾರೆ. ಕೆಲವು ವರ್ಷ ಹಾಗೆ ಇದ್ದು ನೋಡುವುದರಲ್ಲಿ ತಪ್ಪೇನೂ ಇಲ್ಲ.

ಹೆಜ್ಜೆ 2: ಕಾಗದ ಪತ್ರಗಳ ಶೋಧ

ಊರಿನಲ್ಲಿ ಜಮೀನು ಕೊಳ್ಳುವಾಗ ಪಹಣಿ, ಋಣಭಾರ ಪತ್ರ ನೋಡುವಂತೆಯೇ ಅಮೆರಿಕದಲ್ಲಿಯೂ ಹಕ್ಕಿನ ಸರಪಳಿಯನ್ನು ಒಡೆತನದ ದಾಖಲೆ ಪರಿಶೀಲಿಸುವ ಟೈಟಲ್ ಕಂಪನಿಯಿಂದ ತೆಗೆಸಬೇಕು. ಮೂರು ಕಡೆ ಕಲ್ಲು ಸಿಗಬಹುದು.

ಮೊದಲನೆಯದು ಬ್ಯಾಂಕ್ ಸಾಲ. ಜಮೀನಿನ ಮೇಲೆ ಅಡಮಾನವಿದ್ದರೆ, ತನ್ನ ಹಕ್ಕು ಸಂರಕ್ಷಣಾ ಕರಾರಿಗಿಂತ ಕೆಳಗಿನದು ಎಂದು ಬ್ಯಾಂಕ್ ಬರೆದುಕೊಡಬೇಕು. ಇಲ್ಲವಾದರೆ ಸಾಲ ಕಟ್ಟದಾಗ ಬ್ಯಾಂಕ್ ಜಮೀನನ್ನು ಹರಾಜು ಹಾಕಿ ಕರಾರನ್ನೇ ಅಳಿಸಿಬಿಡಬಹುದು. ಈ ಪತ್ರ ಕರಾರಿನ ನೋಂದಣಿಗೆ ಮೊದಲೇ ಕೈಯಲ್ಲಿರಬೇಕು. ಆಮೇಲೆ ತಂದೆವು ಎಂದವರ ತೆರಿಗೆ ಕಡಿತವನ್ನು ಫೆಡರಲ್ ಮೇಲ್ಮನವಿ ನ್ಯಾಯಾಲಯಗಳು ಒಪ್ಪಿಲ್ಲ.

ಎರಡನೆಯದು ನೆಲದಡಿಯ ಹಕ್ಕು. ಟೆಕ್ಸಾಸ್, ಕೊಲರಾಡೊಗಳಲ್ಲಿ ಮೇಲಿನ ನೆಲ ಒಬ್ಬರದು, ಕೆಳಗಿನ ತೈಲ ಮತ್ತು ಖನಿಜ ಇನ್ನೊಬ್ಬರದು ಎಂಬುದು ಸಾಮಾನ್ಯ ಸಂಗತಿ. ಖನಿಜದ ಹಕ್ಕು ಬೇರೆಯವರ ಬಳಿ ಇದ್ದರೆ, ಅಲ್ಲಿ ನೆಲ ಅಗೆದು ಗಣಿಗಾರಿಕೆ ನಡೆಯುವ ಸಾಧ್ಯತೆ ನಗಣ್ಯವೆಂದು ಭೂವಿಜ್ಞಾನಿಯ ವರದಿ ಬೇಕಾಗುತ್ತದೆ. ಮೂರನೆಯದು ನೀರು. ಪಶ್ಚಿಮದ ಒಣ ರಾಜ್ಯಗಳಲ್ಲಿ ನೀರಿನ ಹಕ್ಕನ್ನು ಜಮೀನಿನಿಂದ ಬೇರ್ಪಡಿಸಿ ಮಾರಬಹುದು. ನೀರು ಮಾರಿಹೋದ ಮೇಲೆ ಉಳಿದ ಒಣನೆಲವನ್ನು ಯಾವ ಕರಾರು ಕಾದರೂ ಏನು ಪ್ರಯೋಜನ? ಆದ್ದರಿಂದ ನೀರಿನ ಹಕ್ಕನ್ನೂ ಭೂಮಿಯೊಂದಿಗೆ ಕಟ್ಟಿಹಾಕುವ ಷರತ್ತನ್ನು ಟ್ರಸ್ಟುಗಳು ಕೇಳುತ್ತವೆ. ಕೇಳದಿದ್ದರೆ ನೀವೇ ಕೇಳಿ.

ತಾತ್ಕಾಲಿಕ ಉದ್ಯೋಗದ ಎಚ್-1ಬಿ ವೀಸಾದವರಿಗೆ ಬೇರೆಯೇ ಒಂದು ಮಾತು. 1978ರ ಫೆಡರಲ್ ಕಾನೂನಿನಂತೆ ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಇಲ್ಲದವರು ಕೃಷಿಭೂಮಿ ಕೊಂಡರೆ 90 ದಿನಗಳೊಳಗೆ ಕೃಷಿ ಇಲಾಖೆಗೆ ವರದಿ ಸಲ್ಲಿಸಬೇಕು. ತಪ್ಪಿದರೆ ದಂಡ ಭೂಮಿಯ ಬೆಲೆಯ ಶೇ 25ರವರೆಗೂ ಹೋಗಬಹುದು. ಕೆಲವು ರಾಜ್ಯಗಳು ವಿದೇಶಿಯರ ಖರೀದಿಗೆ ತಮ್ಮದೇ ಮಿತಿಗಳನ್ನೂ ಹಾಕಿವೆ. ಕೊಳ್ಳುವ ಮೊದಲೇ ವಿಚಾರಿಸಿ.

ಹೆಜ್ಜೆ 3: ಯಾರ ಕೈಗೆ ಒಪ್ಪಿಸುವುದು?

ನಿಮ್ಮ ಮೊಮ್ಮಕ್ಕಳ ಕಾಲದಲ್ಲಿಯೂ ಬಂದು ಹೊಲ ನೋಡಬೇಕಾದ ಸಂಸ್ಥೆ ಇದು. ಹಾಗಾಗಿ ಹೆಣ್ಣು ಕೊಡುವ ಮನೆಯನ್ನು ವಿಚಾರಿಸುವಷ್ಟೇ ವಿಚಾರಿಸಿ. 2006ರಿಂದ ಲ್ಯಾಂಡ್ ಟ್ರಸ್ಟುಗಳಿಗೆ ಮಾನ್ಯತೆ ನೀಡುವ ಸ್ವತಂತ್ರ ಆಯೋಗವೊಂದಿದೆ. ಮಾನ್ಯತೆ ಪಡೆದವರನ್ನು ಲ್ಯಾಂಡ್ ಟ್ರಸ್ಟ್ ಅಲಯನ್ಸ್‌ನ ಪಟ್ಟಿಯಲ್ಲಿ ರಾಜ್ಯವಾರು ಹುಡುಕಬಹುದು.

ಮಾನ್ಯತೆಯ ಜೊತೆಗೆ ಅವರ ಮನೋಧರ್ಮವನ್ನೂ ನೋಡಬೇಕು. ಪಕ್ಷಿ, ಕಾಡು ಉಳಿಸಲೆಂದೇ ಹುಟ್ಟಿದ ಟ್ರಸ್ಟಿಗೆ ನಿಮ್ಮ ಕೊಟ್ಟಿಗೆ, ಗೊಬ್ಬರದ ಗುಂಡಿ ಕಣ್ಣಿಗೆ ಚುಚ್ಚಬಹುದು. ಕೃಷಿಕರೇ ಕಟ್ಟಿದ ಟ್ರಸ್ಟುಗಳು ಬೇರೆ. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಸಿಗುವ ಮರಿನ್ ಕೌಂಟಿಯಲ್ಲಿ 1980ರಲ್ಲಿ ಹೈನುಗಾರ್ತಿ ಎಲೆನ್ ಸ್ಟ್ರಾಸ್ ಮತ್ತು ಸಸ್ಯವಿಜ್ಞಾನಿ ಫಿಲಿಸ್ ಫೇಬರ್ ಕೂಡಿ ಮರಿನ್ ಅಗ್ರಿಕಲ್ಚರಲ್ ಲ್ಯಾಂಡ್ ಟ್ರಸ್ಟ್ ಕಟ್ಟಿದರು. ಕೃಷಿಭೂಮಿಗಾಗಿಯೇ ಹುಟ್ಟಿದ ದೇಶದ ಮೊದಲ ಟ್ರಸ್ಟ್ ಅದು. ಬೇ ಏರಿಯಾದ ಕನ್ನಡಿಗರು ಪಾಯಿಂಟ್ ರೇಯ್ಸ್‌ಗೆ ಹೋಗುವ ದಾರಿಯಲ್ಲಿ ಕಾಣುವ ಹಸಿರು ಗುಡ್ಡ, ಮೇಯುವ ಹಸುಗಳಲ್ಲಿ ಅನೇಕವು ಇಂಥ ಕರಾರಿನ ನೆರಳಿನಲ್ಲಿವೆ. ಕೊಲರಾಡೊದಲ್ಲಿ 1995ರಲ್ಲಿ ದನಗಾಹಿಗಳ ಸಂಘವೇ ತನ್ನದೊಂದು ಟ್ರಸ್ಟ್ ಹುಟ್ಟುಹಾಕಿತು. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ಸರ್ಕಾರದ ಹಣ ಮುಟ್ಟಲು ಹಿಂಜರಿಯುವ ಆಮಿಷ್ ಎಂಬ ಸಂಪ್ರದಾಯನಿಷ್ಠ ಕ್ರೈಸ್ತ ಪಂಥದ ರೈತರು ಖಾಸಗಿ ಟ್ರಸ್ಟಿನ ಕಡೆ ಒಲಿದರು.

ಟ್ರಸ್ಟಿನವರನ್ನು ಭೇಟಿಯಾದಾಗ ಹೀಗೆ ಕೇಳಿ: ನಿಮ್ಮ ಬಳಿ ಇಂಥ ಎಷ್ಟು ಕರಾರುಗಳಿವೆ? ಯಾರಾದರೂ ಮುರಿದಾಗ ಏನು ಮಾಡಿದಿರಿ? ನಿಮ್ಮ ಸಂಸ್ಥೆಯೇ ಮುಚ್ಚಿದರೆ ಕರಾರು ಯಾರ ಕೈಗೆ ಹೋಗುತ್ತದೆ? ಆಮೇಲೆ ಅವರ ಕರಾರಿನಲ್ಲಿರುವ ಇಬ್ಬರು ರೈತರ ಮನೆಗೆ ಹೋಗಿ ಕಾಫಿ ಕುಡಿದು ಬನ್ನಿ. ಅಲ್ಲಿ ಸಿಗುವ ಮಾಹಿತಿ ಯಾವ ಕರಪತ್ರದಲ್ಲಿಯೂ ಇರುವುದಿಲ್ಲ.

ಹೆಜ್ಜೆ 4: ದಾನವೋ, ಮಾರಾಟವೋ?

ಮನೆ ಕಟ್ಟುವ ಹಕ್ಕನ್ನು ಪೂರ್ತಿ ದಾನ ಮಾಡಬಹುದು, ಪೂರ್ತಿ ಮಾರಬಹುದು, ಅಥವಾ ಕಡಿಮೆ ಬೆಲೆಗೆ ಮಾರಿ ಉಳಿದಿದ್ದನ್ನು ದಾನವೆಂದು ತೋರಿಸಬಹುದು. ಸಾಲ ತೀರಿಸಬೇಕಾದ ಮನೆತನಗಳು ಈ ಮೂರನೆಯ ದಾರಿಯನ್ನು ಹಿಡಿಯುವುದುಂಟು.

ಹಣ ಕೊಟ್ಟು ಈ ಹಕ್ಕನ್ನು ಕೊಳ್ಳುವ ಪದ್ಧತಿ ಆರಂಭವಾದದ್ದು ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ. ಅಲ್ಲಿನ ಸಫೋಕ್ ಕೌಂಟಿ 1974ರಲ್ಲಿ ಆಲೂಗಡ್ಡೆ ಹೊಲಗಳನ್ನು ಉಳಿಸಲು ಈ ಯೋಜನೆ ತಂದಿತು. 1977ರಲ್ಲಿ ಮೇರಿಲ್ಯಾಂಡ್, ಮ್ಯಾಸಚೂಸೆಟ್ಸ್ ರಾಜ್ಯಗಳು ಅದೇ ಹಾದಿ ಹಿಡಿದವು. ಈಗ ಫೆಡರಲ್ ಮಟ್ಟದಲ್ಲಿ 2014ರ ಕೃಷಿ ಮಸೂದೆಯಿಂದ ಬಂದ ಯೋಜನೆಯೊಂದಿದೆ. ಕೃಷಿ ಇಲಾಖೆಯ ನೈಸರ್ಗಿಕ ಸಂಪನ್ಮೂಲ ಸಂರಕ್ಷಣಾ ಸೇವೆ ಅದನ್ನು ನಡೆಸುತ್ತದೆ. ಕರಾರಿನ ಬೆಲೆಯ ಶೇ 50ರವರೆಗೆ, ವಿಶೇಷ ಮಹತ್ವದ ಹುಲ್ಲುಗಾವಲಾದರೆ ಶೇ 75ರವರೆಗೆ ಅದು ಕೊಡುತ್ತದೆ. ಉಳಿದದ್ದು ರಾಜ್ಯ, ಕೌಂಟಿ ಅಥವಾ ಮಾಲೀಕರ ದಾನದಿಂದ ಬರಬೇಕು. ರೈತರು ಇದಕ್ಕೆ ನೇರವಾಗಿ ಅರ್ಜಿ ಹಾಕುವಂತಿಲ್ಲ, ಟ್ರಸ್ಟೋ ಸ್ಥಳೀಯ ಸರ್ಕಾರವೋ ಹಾಕಬೇಕು. ಅದಕ್ಕೂ ಮೊದಲು ನಿಮ್ಮ ಹೊಲದ ವಿವರ ಕೃಷಿ ಇಲಾಖೆಯ ಸ್ಥಳೀಯ ಫಾರ್ಮ್ ಸರ್ವಿಸ್ ಏಜೆನ್ಸಿ ಕಚೇರಿಯಲ್ಲಿ ದಾಖಲಾಗಿರಬೇಕು. ಪೈಪೋಟಿ ಜೋರು, ಒಂದೆರಡು ವರ್ಷ ಕಾಯುವ ತಾಳ್ಮೆ ಬೇಕು.

ಹೆಜ್ಜೆ 5: ಕರಾರಿನ ಒಂದೊಂದು ಸಾಲು

ಹೆಚ್ಚು ಸಮಯ ಕೊಡಬೇಕಾದ ಹೆಜ್ಜೆ ಇದು. ಟ್ರಸ್ಟ್ ತನ್ನ ಮಾದರಿ ಕರಡನ್ನು ಕೊಡುತ್ತದೆ. ಅದಕ್ಕೆ ತಲೆದೂಗಿ ಸಹಿ ಹಾಕಬೇಡಿ. ನಿಮ್ಮ ಪರವಾಗಿ, ನೀವೇ ಹಣ ಕೊಟ್ಟು ನೇಮಿಸಿಕೊಂಡ ವಕೀಲರೊಬ್ಬರು ಬೇಕು. ಟ್ರಸ್ಟಿನ ವಕೀಲರು ಎಷ್ಟೇ ಸಜ್ಜನರಾದರೂ ಅವರು ಟ್ರಸ್ಟಿನವರು.

ಏನನ್ನು ನಿಷೇಧಿಸಬೇಕು ಎಂಬುದು ಸುಲಭ: ನಿವೇಶನ ಮಾಡಬಾರದು, ಗಣಿ ತೋಡಬಾರದು, ಮೇಲ್ಮಣ್ಣು ಮಾರಬಾರದು. ಏನನ್ನು ಉಳಿಸಿಕೊಳ್ಳಬೇಕು ಎಂಬುದೇ ಕಷ್ಟದ ಪ್ರಶ್ನೆ. ಈಗಿರುವ ಮನೆ, ಕೊಟ್ಟಿಗೆ, ಗೋದಾಮುಗಳ ಸುತ್ತ ಒಂದು ಗೆರೆ ಎಳೆದು ಆ ಆವರಣದೊಳಗೆ ಕಟ್ಟಡಗಳಿಗೆ ಅವಕಾಶ ಎಂದು ಬರೆಯುತ್ತಾರೆ. ಆ ಗೆರೆಯನ್ನು ಜಿಪುಣತನದಿಂದ ಎಳೆಯಬೇಡಿ. ಇಂದು ಹೈನುಗಾರಿಕೆ ಇರುವಲ್ಲಿ ನಾಳೆ ಮಗ ಚೀಸ್ ತಯಾರಿಸಲು ಹೊರಡಬಹುದು, ಮೊಮ್ಮಗಳು ದ್ರಾಕ್ಷಿ ಬೆಳೆಯಬಹುದು. ಸಂಸ್ಕರಣಾ ಘಟಕ, ಹೊಲದ ಅಂಗಡಿ, ಕೂಲಿಕಾರರ ವಸತಿ, ಹಸಿರುಮನೆ ಇವುಗಳನ್ನು ಹೆಸರಿಸಿಯೇ ಬರೆಸಿ. ಹೊಸ ಮನೆ ಒಂದು ಬೇಕೆಂದರೆ ಈಗಲೇ ಜಾಗ ಗುರುತಿಸಿ. ಸಹಿಯಾದ ಮೇಲೆ ಕೇಳಿದರೆ ತೆರಿಗೆ ಇಲಾಖೆಯ ಕಣ್ಣಿಗೆ ಅದು ಮಾಲೀಕರಿಗೆ ಕೊಟ್ಟ ಖಾಸಗಿ ಲಾಭ, ಟ್ರಸ್ಟುಗಳು ಒಪ್ಪುವುದಿಲ್ಲ.

ಸೌರ ಫಲಕದ ವಿಷಯವನ್ನು ಮೌನವಾಗಿ ಬಿಡಬೇಡಿ. ಮನೆ, ಪಂಪಿನ ಅಗತ್ಯಕ್ಕೆ ಸಾಕಾಗುವಷ್ಟಕ್ಕೆ ಒಪ್ಪಿಗೆ ಸಾಮಾನ್ಯವಾಗಿ ಸಿಗುತ್ತದೆ. ಹೊಲದ ತುಂಬ ಹಾಸಿ ವಿದ್ಯುತ್ ಮಾರುವುದಕ್ಕೆ ಸಿಗುವುದಿಲ್ಲ. ಯಾವ ಬೆಳೆ ಬೆಳೆಯಬೇಕು, ಎಷ್ಟು ದನ ಮೇಯಿಸಬೇಕು ಎಂದು ಅಂಕಿ ಹಾಕಿ ಬರೆದ ಷರತ್ತು ಕರಡಿನಲ್ಲಿದ್ದರೆ ಅದನ್ನು ತೆಗೆಸಿ. ಹವಾಮಾನ ಬದಲಾಗುತ್ತಿರುವ ಕಾಲದಲ್ಲಿ ಇವತ್ತಿನ ಅಂಕಿಯನ್ನು ಶಾಶ್ವತ ದಾಖಲೆಯಲ್ಲಿ ಕೆತ್ತುವುದು ಜಾಣತನವಲ್ಲ. ಬದಲಾಯಿಸಬಹುದಾದ ನಿರ್ವಹಣಾ ಯೋಜನೆಯಲ್ಲಿ ಅದು ಇರಲಿ.

ಇಲ್ಲೊಂದು ನಿಜವಾದ ಆಕ್ಷೇಪವನ್ನೂ ಹೇಳಬೇಕು. ಬಡಾವಣೆ ಮಾಡಬಾರದು ಎಂದಷ್ಟೇ ಬರೆದರೆ ಹೊಲ ಖಾಲಿ ಉಳಿಯುತ್ತದೆ, ಹೊಲವಾಗಿ ಉಳಿಯುತ್ತದೆ ಎಂಬ ಖಾತರಿ ಇಲ್ಲ. ನಗರದ ಸಿರಿವಂತರು ಬಂದು, ನೆರೆಯೇ ಇಲ್ಲದ ಸುಂದರ ಎಸ್ಟೇಟ್ ಎಂದು ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಾರೆ. ಹುಲ್ಲು ಕತ್ತರಿಸಿ, ಎರಡು ಕುದುರೆ ಕಟ್ಟಿ ಸುಮ್ಮನಿರುತ್ತಾರೆ. ಎಳೆಯ ರೈತರಿಗೆ ಆ ಭೂಮಿ ಎಟುಕುವುದೇ ಇಲ್ಲ. ಇದನ್ನು ಕಂಡೇ ಮ್ಯಾಸಚೂಸೆಟ್ಸ್ ಮತ್ತು ವರ್ಮಾಂಟ್ ರಾಜ್ಯಗಳಲ್ಲಿ ಒಂದು ಷರತ್ತು ಸೇರಿಸುತ್ತಾರೆ: ಮುಂದೆ ಈ ಭೂಮಿಯನ್ನು ಕೃಷಿಕರಲ್ಲದವರಿಗೆ ಮಾರಲು ಹೊರಟರೆ, ಕೃಷಿಭೂಮಿಯ ಬೆಲೆಗೆ ತಾನೇ ಕೊಳ್ಳುವ ಆಯ್ಕೆ ಕರಾರು ಹಿಡಿದವರಿಗೆ ಇರುತ್ತದೆ. ಮರಿನ್‌ನಲ್ಲಿ ಭೂಮಿಯನ್ನು ಕೃಷಿಯಲ್ಲಿಡುವುದೇ ಕಡ್ಡಾಯ ಎಂಬ ನಿಬಂಧನೆ ಬಂದಿದೆ. ನಿಮ್ಮ ಆಸೆ ಹೊಲ ಉಳಿಯಲಿ ಎಂಬುದೇ ಆದರೆ ಇಂಥದೊಂದು ಸಾಲನ್ನು ಹಟ ಹಿಡಿದು ಸೇರಿಸಿ. ಮಾರುವಾಗ ಕೈಗೆ ಬರುವ ಹಣ ಕಡಿಮೆಯಾಗುತ್ತದೆ ಎಂಬುದು ಗೊತ್ತಿರಲಿ.

ಹೆಜ್ಜೆ 6: ಬೆಲೆ ಕಟ್ಟುವುದು, ತೆರಿಗೆ ಲೆಕ್ಕ

ದಾನದ ಭಾಗಕ್ಕೆ ಫೆಡರಲ್ ಆದಾಯ ತೆರಿಗೆಯಲ್ಲಿ ಕಡಿತ ಸಿಗುತ್ತದೆ. ಕರಾರು ಶಾಶ್ವತವಾಗಿದ್ದರೆ ಮಾತ್ರ. 2015ರ ಕೊನೆಯಲ್ಲಿ ಕಾಯಂ ಆದ ನಿಯಮದಂತೆ ವರ್ಷದ ಹೊಂದಾಣಿಕೆಯಾದ ಆದಾಯದ (ಕಾನೂನು ಒಪ್ಪುವ ಕೆಲವು ಕಳೆತಗಳ ನಂತರ ಉಳಿಯುವ ಆದಾಯ) ಶೇ 50ರವರೆಗೆ ಕಳೆಯಬಹುದು. ಮುಗಿಯದೆ ಉಳಿದದ್ದನ್ನು ಮುಂದಿನ 15 ವರ್ಷಗಳಿಗೆ ಒಯ್ಯಬಹುದು. ಒಟ್ಟು ಆದಾಯದ ಅರ್ಧಕ್ಕಿಂತ ಹೆಚ್ಚು ಕೃಷಿಯಿಂದಲೇ ಬರುವವರಿಗೆ ಈ ಮಿತಿ ಶೇ 100.

ಮೇಲಿನ 8 ಲಕ್ಷ ಡಾಲರನ್ನೇ ಪೂರ್ತಿ ದಾನ ಮಾಡಿದರು ಎನ್ನೋಣ. ವರ್ಷಕ್ಕೆ 80,000 ಡಾಲರ್ ಆದಾಯದ ಕೃಷಿಕ ಹತ್ತು ವರ್ಷ ತನ್ನ ಪೂರ್ಣ ಆದಾಯವನ್ನು ಇದರಲ್ಲಿ ಕಳೆಯಬಹುದು. ಅಷ್ಟೇ ಆದಾಯ ಸಂಬಳದಿಂದ ಬರುವವರಿಗೆ ದಾನದ ವರ್ಷವೂ ಸೇರಿ ವರ್ಷಕ್ಕೆ 40,000ದಂತೆ 16 ವರ್ಷಕ್ಕೆ 6.4 ಲಕ್ಷ ಮಾತ್ರ, ಉಳಿದ 1.6 ಲಕ್ಷ ವ್ಯರ್ಥ. ಸಾಫ್ಟ್‌ವೇರ್ ಸಂಬಳದೊಂದಿಗೆ ವಾರಾಂತ್ಯದಲ್ಲಿ ಕೃಷಿ ಮಾಡುವವರು ಎರಡನೆಯ ಗುಂಪಿಗೆ ಸೇರುತ್ತಾರೆ. ಜಮೀನು ಕೊಂಡು ಒಂದು ವರ್ಷ ತುಂಬುವ ಮೊದಲೇ ದಾನ ಮಾಡಿದರೆ ಕಡಿತವು ಕೊಂಡ ಬೆಲೆಯಲ್ಲಿ ಕರಾರಿನ ಪಾಲನ್ನು ದಾಟುವುದಿಲ್ಲ ಎಂಬುದೂ ನೆನಪಿರಲಿ.

ಬೆಲೆ ಕಟ್ಟುವವರು ಅರ್ಹತೆ ಪಡೆದ, ಇಂಥ ಕರಾರುಗಳ ಅನುಭವವಿರುವ ಮೌಲ್ಯಮಾಪಕರಾಗಿರಬೇಕು. ವರದಿ ದಾನಕ್ಕಿಂತ 60 ದಿನಗಳಿಗೂ ಹಿಂದಿನದಾಗಿರಬಾರದು. ತೆರಿಗೆ ರಿಟರ್ನ್ ಜೊತೆ ದಾನದ ವಿವರ ತುಂಬುವ ಫಾರ್ಮ್ 8283 ಮತ್ತು ದಾನಕ್ಕೆ ಪ್ರತಿಯಾಗಿ ಏನೂ ಕೊಟ್ಟಿಲ್ಲ ಎಂಬ ಟ್ರಸ್ಟಿನ ಸ್ವೀಕೃತಿ ಪತ್ರ ಬೇಕು. ಸಣ್ಣ ಲೋಪಕ್ಕೂ ಕಡಿತ ತಿರಸ್ಕೃತವಾದ ಪ್ರಕರಣಗಳಿವೆ.

ರಾಜ್ಯದ ಸವಲತ್ತು ಬೇರೆ. ವರ್ಜೀನಿಯಾ ದಾನದ ಬೆಲೆಯ ಶೇ 40ರಷ್ಟನ್ನು ತೆರಿಗೆ ಕ್ರೆಡಿಟ್ (ಕಟ್ಟಬೇಕಾದ ತೆರಿಗೆಯಲ್ಲಿಯೇ ಕಳೆಯುವ ಮೊತ್ತ) ಆಗಿ ಕೊಡುತ್ತದೆ. ತೆರಿಗೆ ಹೆಚ್ಚು ಇಲ್ಲದ ರೈತರು ಅದನ್ನು ಇನ್ನೊಬ್ಬರಿಗೆ ಮಾರಿ ನಗದು ಮಾಡಿಕೊಳ್ಳಬಹುದು. ಕೊಲರಾಡೊದಲ್ಲಿಯೂ ಕ್ರೆಡಿಟ್ ಮಾರಬಹುದು. ಟೆಕ್ಸಾಸ್‌ನಲ್ಲಿ ರಾಜ್ಯ ಆದಾಯ ತೆರಿಗೆಯೇ ಇಲ್ಲ, ಕ್ರೆಡಿಟ್ ಎಲ್ಲಿಂದ ಬರಬೇಕು? ಫೆಡರಲ್ ಉತ್ತರಾಧಿಕಾರ ತೆರಿಗೆಯ ಮಿತಿ 2026ರಲ್ಲಿ ತಲಾ 1.5 ಕೋಟಿ ಡಾಲರ್ ಆಗಿರುವುದರಿಂದ ಹೆಚ್ಚಿನವರಿಗೆ ಅದರ ಚಿಂತೆ ಇಲ್ಲ. ಆದರೆ ಕೆಲವು ರಾಜ್ಯಗಳಿಗೆ ತಮ್ಮದೇ ಮಿತಿ ಇದೆ, ಮ್ಯಾಸಚೂಸೆಟ್ಸ್‌ನದು 20 ಲಕ್ಷ. ಅಲ್ಲಿ ಕರಾರಿನಿಂದ ಭೂಮಿಯ ಬೆಲೆ ಇಳಿಯುವುದೇ ದೊಡ್ಡ ಉಪಕಾರ.

ಹೂಡಿದ ಒಂದು ಡಾಲರಿಗೆ ನಾಲ್ಕೈದು ಡಾಲರ್ ಕಡಿತ ಕೊಡಿಸುತ್ತೇವೆ, ಭೂಮಿ ಕೊಂಡು ಇಂಥ ಕರಾರು ದಾನ ಮಾಡುವ ನಮ್ಮ ಪಾಲುದಾರಿಕೆಗೆ ಸೇರಿ ಎಂದು ವೈದ್ಯರು, ಎಂಜಿನಿಯರುಗಳ ಬಾಗಿಲಿಗೆ ಬರುವ ದಲ್ಲಾಳಿಗಳಿದ್ದಾರೆ. ಇಂಥ ಯೋಜನೆಗಳನ್ನು ತೆರಿಗೆ ಇಲಾಖೆ 2016ರ ಡಿಸೆಂಬರಿನಲ್ಲಿಯೇ ವಂಚನೆಯ ಶಂಕೆಯ ಪಟ್ಟಿಗೆ ಸೇರಿಸಿತು. 2022ರ ಕಾನೂನು ಇಂಥ ಪಾಲುದಾರಿಕೆಗಳ ಕಡಿತ ಹೂಡಿಕೆಯ ಎರಡೂವರೆ ಪಟ್ಟು ದಾಟಿದರೆ ಪೂರ್ತಿ ನಿರಾಕರಿಸುತ್ತದೆ. ಕುಟುಂಬದ್ದೇ ಪಾಲುದಾರಿಕೆಯಾಗಿದ್ದರೆ ಅಥವಾ ಭೂಮಿಯನ್ನು ಮೂರು ವರ್ಷ ಹಿಡಿದಿಟ್ಟಿದ್ದರೆ ವಿನಾಯಿತಿ ಇದೆ. ನೀವು ಕಾಲಿಡದ ಹೊಲದ ಸಂರಕ್ಷಣೆಗೆ ನಿಮ್ಮನ್ನು ಕರೆದರೆ ಬಾಗಿಲು ಹಾಕಿಕೊಳ್ಳಿ.

ಹೆಜ್ಜೆ 7: ಸಹಿ

ಸಹಿಗೆ ಮೊದಲು ಟ್ರಸ್ಟಿನವರು ನಕ್ಷೆ, ಛಾಯಾಚಿತ್ರಗಳೊಂದಿಗೆ ಭೂಮಿಯ ಇಂದಿನ ಸ್ಥಿತಿಯ ವರದಿ ಸಿದ್ಧಪಡಿಸುತ್ತಾರೆ. ನೀವೂ ಟ್ರಸ್ಟಿನವರೂ ಅದಕ್ಕೆ ಸಹಿ ಹಾಕಬೇಕು. ಮುಂದೆ ಜಗಳವಾದರೆ ಸಾಕ್ಷಿ ಅದೇ, ಆದ್ದರಿಂದ ಹಳೆಯ ಶೆಡ್, ಕಾಲುದಾರಿ, ಬೇಲಿ ಒಂದೂ ಬಿಟ್ಟುಹೋಗದಂತೆ ಜೊತೆಯಲ್ಲಿ ನಡೆದು ನೋಡಿ. ವಕೀಲರು, ಮೌಲ್ಯಮಾಪನ, ಸರ್ವೆ ಸೇರಿ ಸಾವಿರಾರು ಡಾಲರ್ ಖರ್ಚಿದೆ. ಜೊತೆಗೆ ಶಾಶ್ವತ ಮೇಲ್ವಿಚಾರಣೆಯ ನಿಧಿಗೆ ಒಂದು ಕೊಡುಗೆಯನ್ನು ಅನೇಕ ಟ್ರಸ್ಟುಗಳು ಕೇಳುತ್ತವೆ. ಮೊದಲ ಭೇಟಿಯಲ್ಲಿಯೇ ಮೊತ್ತ ಕೇಳಿ ಬರೆಸಿಕೊಳ್ಳಿ.

ಹೆಜ್ಜೆ 8: ಆಮೇಲೆ

ಟ್ರಸ್ಟಿನವರು ವರ್ಷಕ್ಕೊಮ್ಮೆ ಹೊಲ ನೋಡಲು ಬರುತ್ತಾರೆ. ಹೊಸ ಕಟ್ಟಡ ಕಟ್ಟುವ ಮೊದಲು ಕರಾರು ತೆಗೆದು ಓದಿ, ಒಪ್ಪಿಗೆ ಬೇಕಾದಲ್ಲಿ ಪತ್ರದ ಮೂಲಕವೇ ಕೇಳಿ. ಬಾಯಿಮಾತಿನ ಒಪ್ಪಿಗೆ ಟ್ರಸ್ಟಿನ ನೌಕರ ಬದಲಾದ ದಿನವೇ ಮರೆಯಾಗುತ್ತದೆ. ಸಾರ್ವಜನಿಕರು ಹೊಲಕ್ಕೆ ಬಂದು ತಿರುಗಾಡಬಹುದೇ ಎಂದು ಹಲವರು ಅಂಜುತ್ತಾರೆ. ಕೃಷಿ ಕರಾರುಗಳಲ್ಲಿ ಸಾಮಾನ್ಯವಾಗಿ ಅಂಥ ಪ್ರವೇಶವಿಲ್ಲ, ನೀವೇ ಬರೆಸಿದರೆ ಮಾತ್ರ. ಹೆದ್ದಾರಿಗೆಂದು ಸರ್ಕಾರ ಭೂಮಿಯನ್ನು ಸ್ವಾಧೀನಪಡಿಸಿಕೊಂಡರೆ ಪರಿಹಾರದ ಹಣ ನಿಮಗೂ ಟ್ರಸ್ಟಿಗೂ ಕರಾರಿನಲ್ಲಿ ಬರೆದ ಪ್ರಮಾಣದಲ್ಲಿ ಹಂಚಿಹೋಗುತ್ತದೆ. ಭೂಮಿ ಮಾರುವಾಗ, ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಹೆಸರಿಗೆ ವರ್ಗಾಯಿಸುವಾಗ, ಉಯಿಲು ಬರೆಯುವಾಗ ಟ್ರಸ್ಟಿಗೆ ಮುಂಚಿತವಾಗಿ ತಿಳಿಸಿ. ಕೊಳ್ಳುವವರ ಕೈಗೆ ಕರಾರಿನ ಪ್ರತಿಯನ್ನೂ ಮೊದಲ ಸ್ಥಿತಿ ವರದಿಯನ್ನೂ ಮುಂಗಡ ಹಣ ಪಡೆಯುವ ಮೊದಲೇ ಕೊಟ್ಟು, ತಲುಪಿದ್ದಕ್ಕೆ ಸಹಿ ಪಡೆದುಕೊಳ್ಳಿ.